ಟವಲ್ಲಿನ ಕೆಳಗಿನ ಅಕ್ಷರಗಳು

ಗೋವಿನಕೋವಿ, ನ್ಯಾಮತಿ ತಾಲ್ಲೂಕು
18 ಫೆಬ್ರವರಿ 2025, ಮಂಗಳವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ಶಿವಗಂಗಮ್ಮನ ನಮಸ್ಕಾರ. ‘ಪ್ರೀತಿಯ’ ಎಂದು ಬರೆದದ್ದನ್ನು ನೋಡಿ ಹುಬ್ಬೇರಿಸಬೇಡಿ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ಗಂಟಲು ಹೇಗಿದೆ? ಕತ್ತಿನ ತೂತಿಗೆ ತೆಳು ಬಟ್ಟೆ ಕಟ್ಟಿಕೊಳ್ಳುತ್ತಿದ್ದೀರಾ? ಜಗಳೂರು ಕಡೆ ಗಾಳಿ ಎದ್ದರೆ ಧೂಳು ಸುಮ್ಮನಿರುವುದಿಲ್ಲ. ಸ್ನಾನ ಮಾಡುವಾಗ ತಲೆಗೆ ಹಾಕಿದ ನೀರು ಆ ತೂತಿಗೆ ಇಳಿಯಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ. ಅನ್ನವನ್ನು ಮೆತ್ತಗೆ ಬೇಯಿಸಲು ನಿಮ್ಮಕ್ಕ ಭೀಮಕ್ಕನಿಗೆ ಹೇಳಿ, ಅವರಿಗೆ ರೊಟ್ಟಿ ಬಿಟ್ಟರೆ ಬೇರೆ ಊಟ ಊಟವೇ ಅಲ್ಲ. ನೋಡಿ, ಹೇಳಿ ಎಂದು ಬರೆದುಬಿಟ್ಟೆ. ನಿಮ್ಮ ದನಿ ಹೋಗಿ ಎಂಟು ತಿಂಗಳಾದರೂ ನನಗೆ ಇನ್ನೂ ರೂಢಿಯಾಗಿಲ್ಲ. ಕೈಸನ್ನೆ ಮಾಡಿ ತೋರಿಸಿ.

ಭೀಮಕ್ಕನಿಗೆ ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದ್ದಾನೆ, ಉಣ್ತಾನೆ, ಹೊಲಕ್ಕೆ ಹೋಗಿ ಬರ್ತಾನೆ ಎನ್ನುತ್ತಾರೆ. ಫೋನನ್ನು ಅವರ ಕಿವಿಗಿಡಿ, ನಾನು ಮಾತಾಡುತ್ತೇನೆ, ಅವರು ಕೇಳಿದರೆ ಸಾಕು ಎಂದರೆ ನೀವು ಎದ್ದು ಹೊರಗೆ ಹೋಗುತ್ತೀರಂತೆ. ಅದಕ್ಕೇ ಈ ಕಾಗದ. ಕಾಗದ ಕಿವಿಗೆ ಬರುವುದಿಲ್ಲ, ಕೈಗೆ ಬರುತ್ತದೆ. ನೀವು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರೆಂದು ನಮ್ಮ ಅಂಗನವಾಡಿ ಗೋಡೆಯ ಮೇಲೆ ಬರೆಯುವ ಹಾಗೆ ದೊಡ್ಡಕ್ಷರದಲ್ಲಿ ಬರೆದಿದ್ದೇನೆ. ಒಂದೇ ಸಲ ಓದಿ ಕಣ್ಣು ನೋಯಿಸಿಕೊಳ್ಳಬೇಡಿ. ದಿನಕ್ಕೊಂದು ಹಾಳೆ ಓದಿದರೂ ಸಾಕು, ನನಗೇನೂ ಅವಸರವಿಲ್ಲ. ಅವಸರವಿಲ್ಲ ಎನ್ನುವುದು ಸುಳ್ಳು.

ಮೊದಲು ಸುದ್ದಿ. ಕಂದು ಹಸು ಹೋದ ಬುಧವಾರ ಕರು ಹಾಕಿದೆ, ಹೆಣ್ಣು ಕರು. ಹಣೆಯ ಸುಳಿ ಹೇಗಿದೆ ಎಂದು ಜಂಪಣ್ಣನನ್ನು ಕರೆದು ತೋರಿಸಿದೆ. ಬಲು ಚಲೋ ಸುಳಿ ಎಂದ. ಇಪ್ಪತ್ತು ವರ್ಷ ನಿಮ್ಮ ಜೊತೆ ದನದ ದಲ್ಲಾಳಿ ಮಾಡಿದವನು ನಿಜ, ಆದರೆ ಅವನು ಯಾವ ಕರುವಿನ ಸುಳಿಯನ್ನು ಚಲೋ ಅಲ್ಲ ಎಂದಿದ್ದಾನೆ ಹೇಳಿ. ನೀವೇ ಬಂದು ನೋಡುವವರೆಗೆ ನಾನು ಅದಕ್ಕೆ ಹೆಸರಿಡುವುದಿಲ್ಲ. ಮಗಳು ರಮ್ಯಶ್ರೀ ದಿನಾ ಹೊನ್ನಾಳಿಯ ಕಂಪ್ಯೂಟರ್ ಸೆಂಟರಿಗೆ ಹೋಗಿ ಬರುತ್ತಿದ್ದಾಳೆ. ಸ್ವಲ್ಪ ಸೊರಗಿದ್ದಾಳೆ. ಅದಕ್ಕೆ ಕಾರಣ ನೀವೇ, ಅರ್ಧ ನಾನೂ ಹೌದು. ಅದನ್ನು ಹೇಳುವುದಕ್ಕೇ ಇಷ್ಟು ದೊಡ್ಡ ಕಾಗದ.

ಆಪರೇಷನ್ ಮಾಡಿ ಗಂಟಲ ಪೆಟ್ಟಿಗೆ ತೆಗೆದ ಮೇಲೆ ಆಸ್ಪತ್ರೆಯ ಹುಡುಗಿ ಹೇಳಿದ್ದು ನೆನಪಿದೆಯಲ್ಲ. ಯಜಮಾನರು ಫೋನಿನಲ್ಲಿ ಟೈಪ್ ಮಾಡಿದರೆ ಫೋನೇ ಮಾತಾಡುತ್ತದೆ, ಸಂತೆಗೂ ಹೋಗಬಹುದು ಎಂದಳು. ಅವತ್ತು ನಿಮ್ಮ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ನೋಡಿದ್ದೇನೆ. ಸ್ಲೇಟು ತಂದುಕೊಟ್ಟರೆ ಗೋಡೆಗೆ ತಿರುಗಿಸಿಟ್ಟವರು ನೀವು. ಸಂತೆಯ ಅರ್ಧ ಜನಕ್ಕೆ ಓದಲು ಬಾರದು, ಸ್ಲೇಟು ಹಿಡಿದು ನಿಂತರೆ ಯಾರು ನೋಡುತ್ತಾರೆ, ಅದೂ ನಿಜ. ಹೊನ್ನಾಳಿ ಸಂತೆಯಲ್ಲಿ ನೀವು ಒಂದು ಹೋರಿಯನ್ನು ಹೊಗಳಿದರೆ ಹೊಳೆದಂಡೆಯವರೆಗೆ ಕೇಳುತ್ತಿತ್ತು. ಆ ದನಿ ಇದ್ದವರಿಗೆ ಬಳಪ ಕೊಟ್ಟದ್ದು ನನ್ನದೇ ದಡ್ಡತನ. ಫೋನಾದರೂ ಕೈ ಹಿಡಿಯಬಹುದು ಎಂದುಕೊಂಡೆವು. ಅದರ ಗಾಜಿನ ಮೇಲೆ ರಾಗಿಕಾಳಿನಷ್ಟು ಅಕ್ಷರಗಳು, ನಿಮ್ಮ ಹೆಬ್ಬೆರಳು ಇಟ್ಟರೆ ನಾಲ್ಕು ಒಟ್ಟಿಗೆ ಮುಚ್ಚುತ್ತಿದ್ದವು. ನೀವು ಒತ್ತಿ ಹಿಡಿಯುತ್ತಿದ್ದಿರಿ. ಒತ್ತಿ ಹಿಡಿದರೆ ಆ ಫೋನು ಕೇಳದ ಅಕ್ಷರವನ್ನೆಲ್ಲ ಎಬ್ಬಿಸಿ ತರುತ್ತಿತ್ತು, ಮುಂದಿನ ಪದವನ್ನೂ ತಾನೇ ಊಹಿಸಿ ಹಾಕುತ್ತಿತ್ತು. ಮೆತ್ತಗೆ ಮುಟ್ಟಪ್ಪ, ಮೆತ್ತಗೆ ಎಂದು ರಮ್ಯ ನೂರು ಸಲ ಹೇಳಿದಳು, ನಾನೂ ಹೇಳಿದೆ. ನಿಮ್ಮ ಬೆರಳು ಮೆತ್ತಗಾಗಲಿಲ್ಲ. ಹಟ ಎಂದುಕೊಂಡೆ.

ಆಮೇಲೆ ಸಂಕ್ರಾಂತಿ. ಚನ್ನಗಿರಿಯಿಂದ ನಮ್ಮಣ್ಣನ ಮನೆಯವರೆಲ್ಲ ಬಂದಿದ್ದಾಗ ನೀವು ಮೂಲೆಯಲ್ಲಿ ಕುಳಿತು ಮುಕ್ಕಾಲು ಗಂಟೆ ಆ ಫೋನನ್ನು ಒತ್ತಿ ಒತ್ತಿ ನನಗೇ ಏನೋ ಬರೆದು ಕಳಿಸಿದಿರಿ. ನನ್ನ ಫೋನಿಗೆ ಬಂದದ್ದು ಬೇರೆಯೇ. ಮಾರನೇ ದಿನ ಬೆಳಗ್ಗೆ ನೋಡಿದರೆ ಫೋನು ರಾಗಿ ಡಬ್ಬದೊಳಗೆ, ನೀವು ಜಗಳೂರು ಬಸ್ಸಿನೊಳಗೆ. ಎಲ್ಲ ಆ ಫೋನಿನದೇ ತಪ್ಪು ಎಂದು ಐದು ವಾರದಿಂದ ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನೀವು ದನಿ ಕಳೆದುಕೊಂಡಾಗ ಮನೆ ಇಷ್ಟು ಸುಮ್ಮನಾಗಿರಲಿಲ್ಲ. ನೀವು ಮತ್ತೆ ನನ್ನ ಜೊತೆ ಮಾತಾಡಬೇಕು, ಹೇಗಾದರೂ ಸರಿ, ಯಾವುದರಲ್ಲಾದರೂ ಸರಿ. ನನಗೆ ಬೇಕಿರುವುದು ಇದೊಂದೇ.

ನೀವು ಹೋಗಿ ವಾರದ ಮೇಲೆ ಜಂಪಣ್ಣ ಬಂದಿದ್ದ. ಅವನ ಹತ್ತಿರ ಫೋನನ್ನು ಬೈಯುತ್ತಾ, ಇವರಿಗೆ ಮೆತ್ತಗೆ ಮುಟ್ಟಲು ಬರುವುದೇ ಇಲ್ಲ ಎಂದೆ. ಅವನು ಹೆಗಲ ಮೇಲಿನ ಟವಲ್ ತೆಗೆದು ತನ್ನ ಕೈಮೇಲೆ ಹಾಕಿಕೊಂಡು ತೋರಿಸಿದ. ನೀವು ದಲ್ಲಾಳಿಗಳು ಟವಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನಾನು ದೂರದಿಂದ ನೋಡಿದ್ದೆನೇ ಹೊರತು ಒಳಗೆ ಏನು ನಡೆಯುತ್ತದೆ ಎಂದು ಕೇಳಿದವಳಲ್ಲ. ಹೆಂಗಸರು ಕೇಳುವ ವಿಷಯವೂ ಅಲ್ಲವಲ್ಲ. ಜಂಪಣ್ಣ ಹೇಳಿದ, “ಅಕ್ಕಾ, ಟವಲ್ ಕೆಳಗೆ ಮೆತ್ತಗೆ ಮುಟ್ಟಿದೋನು ವ್ಯಾಪಾರ ಮಾಡಾಕೆ ಬಂದಿಲ್ಲ ಅಂತ ಅರ್ಥ. ಗಟ್ಟಿಯಾಗಿ ಹಿಡಿದ್ರೇನೇ ಅದು ಮಾತು. ಅಣ್ಣ ನಲವತ್ತು ವರ್ಷ ಹಿಂಗೇ ಹಿಡ್ಕಂಡು ಬಂದೋನು, ಈಗ ಸುಳ್ಳು ಮುಟ್ಟು ಅಂದ್ರೆ ಅವನ ಬೆರಳು ಹೆಂಗೆ ಕೇಳ್ತೈತೆ?”

ರೀ, ಅವತ್ತು ನನಗೆ ಗೊತ್ತಾಯಿತು. ನಾವಿಬ್ಬರೂ ತಾಯಿಮಗಳು ನಿಮಗೆ ದಿನಾ ಸುಳ್ಳು ಹೇಳುವುದನ್ನು ಕಲಿಸುತ್ತಿದ್ದೆವು.

ಅದರ ಮಾರನೇ ದಿನದ ಮಾತು. ಅಂಗನವಾಡಿಯಲ್ಲಿ ಊಟ ಮುಗಿಸಿ ಮಕ್ಕಳೆಲ್ಲ ಮಲಗಿದ್ದವು. ಹೊರಗೆ ಬಿಸಿಲು, ಒಳಗೆ ಉಪ್ಪಿಟ್ಟಿನ ವಾಸನೆ, ಇಪ್ಪತ್ತು ಮಕ್ಕಳ ಉಸಿರು. ನಾನೂ ಗೋಡೆಗೊರಗಿ ಕಣ್ಣು ಮುಚ್ಚಿದೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ನೀವು ಎದುರಿಗೆ ಕೂತಿದ್ದಿರಿ. ನಿಮ್ಮ ಮುಂದೆ ಒಂದು ದೊಡ್ಡ ಗಾಜು, ಅದರ ಮೇಲೆ ಒಂದಕ್ಷರವೂ ಇಲ್ಲ, ಗಾಳಿಯಿಲ್ಲದ ದಿನದ ಕೆರೆಯಂತೆ ಖಾಲಿ. ನೀವು ಕೈಯಿಟ್ಟಿರಿ. ಗಾಜು ನಾದಿದ ಹಿಟ್ಟಿನ ಹಾಗೆ ನಿಮ್ಮ ಬೆರಳಿಗೆ ಸ್ವಲ್ಪ ಬಗ್ಗಿಕೊಟ್ಟಿತು. ನಿಮ್ಮ ಬೆರಳು ಅಕ್ಷರ ಹುಡುಕುತ್ತಿರಲಿಲ್ಲ. ಅಕ್ಷರಗಳೇ ಆಳದಿಂದ ಒಂದೊಂದಾಗಿ ಎದ್ದು ಬಂದು ನಿಮ್ಮ ಬೆರಳ ಕೆಳಗೆ ನಿಲ್ಲುತ್ತಿದ್ದವು, ನೀವು ಕೆಲವನ್ನು ಇಟ್ಟುಕೊಂಡು ಕೆಲವನ್ನು ಬಿಡುತ್ತಿದ್ದಿರಿ. ನಿಮಗೆ ಯಾವ ಅವಸರವೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ, ಬಹಳ ಸುಖವಾಗಿತ್ತು. ಕಣ್ಣು ಬಿಟ್ಟರೆ ಎದುರಿಗೆ ಗೋಡೆಯ ಮೇಲೆ ದಿನಾ ನೋಡುವ ವರ್ಣಮಾಲೆ. ಕ ಖ ಗ ಘ ಙ ಒಂದು ಸಾಲು, ಚ ಛ ಜ ಇನ್ನೊಂದು. ಐದು ಸಾಲು, ಸಾಲಿಗೆ ಐದಕ್ಷರ. ನನ್ನ ಕೈ ತೊಡೆಯ ಮೇಲೆ ಬಿದ್ದಿತ್ತು. ಕೈ ನೋಡಿದೆ, ಗೋಡೆ ನೋಡಿದೆ. ಇಪ್ಪತ್ತೆರಡು ವರ್ಷದಿಂದ ಆ ಐದು ಸಾಲನ್ನು ಈ ಐದು ಬೆರಳಲ್ಲೇ ತೋರಿಸಿ ಹೇಳಿಕೊಟ್ಟಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ.

ಸಂಜೆ ರಮ್ಯನಿಗೆ ಹೇಳಿದೆ. ಮೊದಲು ‘ಅಮ್ಮ, ನಿನಗೆ ನಿದ್ದೆಗಣ್ಣು’ ಎಂದು ರೇಗಿಸಿದಳು. ಆಮೇಲೆ ತಟ್ಟೆಯಲ್ಲಿ ಕೈಯಿಟ್ಟವಳು ಹಾಗೇ ಕೂತಳು, ಸಾರು ಆರಿಹೋಯಿತು. ಮೂರು ಭಾನುವಾರ ತನ್ನ ಗೆಳತಿಯನ್ನು ಕೂರಿಸಿಕೊಂಡು, ಸೆಂಟರಿನ ಹಳೇ ಟ್ಯಾಬಿನಲ್ಲಿ ಏನೇನೋ ಬರೆದು ಅಳಿಸಿ ಬರೆದು ಬೆರಳಲ್ಲಿ ಮಾತಾಡುವ ಒಂದು ಆ್ಯಪ್ ಮಾಡಿದ್ದಾಳೆ. ಟ್ಯಾಬಿನ ಗಾಜಿನ ಮೇಲೆ ಏನೂ ಇಲ್ಲ. ಬಲಗೈಯ ಐದು ಬೆರಳನ್ನು ಎಲ್ಲಿ ಬೇಕಾದರೂ ಇಡಿ, ಇಟ್ಟದ್ದೇ ನಿಮ್ಮ ಜಾಗ ಎಂದು ಅದು ತಿಳಿದುಕೊಳ್ಳುತ್ತದೆ. ಹೆಬ್ಬೆರಳು ಕ ಸಾಲಿಗೆ, ತೋರುಬೆರಳು ಚ ಸಾಲಿಗೆ, ಹೀಗೆ ಕಿರುಬೆರಳು ಪ ಸಾಲಿಗೆ. ಬೆರಳನ್ನು ಒತ್ತಿ ಹಿಡಿದರೆ ಒಳಗಿನಿಂದ ಒಂದು ಸಲ ತಟ್ಟುತ್ತದೆ, ಅದು ಮೊದಲ ಅಕ್ಷರ. ಇನ್ನೂ ಹಿಡಿದರೆ ಇನ್ನೊಂದು ಸಲ ತಟ್ಟುತ್ತದೆ, ಅದು ಎರಡನೆಯದು. ಬೇಕಾದ ಅಕ್ಷರ ಬಂದಾಗ ಬೆರಳು ಎತ್ತಿದರಾಯಿತು. ಯ ರ ಲ ವ ಮುಂತಾದವಕ್ಕೆ ಎರಡೆರಡು ಬೆರಳು ಒಟ್ಟಿಗೆ, ಸ್ವರಕ್ಕೂ ಕಾಗುಣಿತಕ್ಕೂ ಎಡಗೈ. ಇದರಲ್ಲಿ ಮೆತ್ತಗೆ ಮುಟ್ಟಿದರೆ ಏನೂ ಬರುವುದಿಲ್ಲ, ಗಟ್ಟಿಯಾಗಿ ಹಿಡಿದವರಿಗೆ ಮಾತ್ರ ಬರುತ್ತದೆ. ಮುಂದಿನ ಪದವನ್ನು ತಾನೇ ಊಹಿಸಿ ತಂದಿಡುವ ಚಾಳಿಯನ್ನು ನಾನೇ ಹಟ ಮಾಡಿ ತೆಗೆಸಿದೆ. ಎಷ್ಟು ತಡವಾದರೂ ಪರವಾಗಿಲ್ಲ, ಬಂದದ್ದು ನಿಮ್ಮ ಮಾತಾಗಿರಬೇಕು.

ಇನ್ನೂ ಹಸಿ ಕೆಲಸ ಎನ್ನುತ್ತಾಳೆ ರಮ್ಯ. ಕೈ ಒದ್ದೆಯಿದ್ದರೆ ತಿಳಿಯುವುದಿಲ್ಲ, ಒತ್ತಕ್ಷರ ಬಂದರೆ ತಡವರಿಸುತ್ತದೆ. ಹೋದ ಭಾನುವಾರ ಜಂಪಣ್ಣನನ್ನು ಕೂರಿಸಿ ನೋಡಿದೆವು. ಬರಿಗೈಯಲ್ಲಿ ಬೆರಳು ಓಡುವುದಿಲ್ಲ ಎಂದು ಗಾಜಿನ ಮೇಲಿಟ್ಟ ಕೈಗೂ ಟವಲ್ ಮುಚ್ಚಿಕೊಂಡ. ರಮ್ಯ ಅಕ್ಷರ ಹೇಳುತ್ತಾ ಹೋದಳು, ಅವನು ಬೆವರುತ್ತಾ ಒತ್ತುತ್ತಾ ಹೋದ. ಬಹಳ ಹೊತ್ತಿನ ಮೇಲೆ ಟವಲ್ಲಿನೊಳಗಿಂದ ಯಾವುದೋ ಹೆಂಗಸಿನ ದನಿ ‘ಅಣ್ಣ ಬಾ’ ಎಂದಿತು. ಜಂಪಣ್ಣ ಬೆಚ್ಚಿ ಹಿಂದೆ ತಿರುಗಿ ನೋಡಿದ. ಆಮೇಲೆ ಟವಲ್ ತೆಗೆದು ಮುಖ ಒರೆಸಿಕೊಂಡು, ಹೇಳದೆ ಕೇಳದೆ ಮನೆಗೆ ಹೋದ.

ನಾನೂ ಇದನ್ನು ಕಲಿಯುತ್ತಿದ್ದೇನೆ. ಒಂದು ದಿನ ಟ್ಯಾಬಿನ ಚಾರ್ಜು ಮುಗಿದುಹೋಗಿತ್ತು. ನನಗೆ ಪಾಠ ತಪ್ಪಬಾರದೆಂದು ರಮ್ಯ ನನ್ನ ಬೆರಳುಗಳನ್ನೇ ಹಿಡಿದು ಒತ್ತಿ ತೋರಿಸಿದಳು. ಹೆಬ್ಬೆರಳಿಗೆ ಒಂದು ಒತ್ತು ಕ, ಮೂರು ಒತ್ತು ಗ. ಗಾಜಿಗಿಂತ ಇದೇ ಬೇಗ ತಿಳಿಯಿತು. ಈಗ ದಿನಾ ಊಟವಾದ ಮೇಲೆ ಅಡಿಗೆಮನೆಯಲ್ಲಿ ಟವಲ್ ಹಾಕಿಕೊಂಡು ಕೂರುತ್ತೇವೆ, ನೋಡಿದವರು ತಾಯಿಮಗಳು ಎತ್ತಿನ ವ್ಯಾಪಾರಕ್ಕೆ ಇಳಿದರು ಎನ್ನಬೇಕು. ಅವಳು ನನ್ನ ಕೈಯಲ್ಲಿ ಹೇಳಿದ ಮೊದಲ ಮಾತು ‘ಅಮ್ಮ ಉಪ್ಪು’. ಸಾರಿಗೆ ಹಾಕಲು ಮರೆತಿದ್ದೆನಂತೆ. ಎಷ್ಟು ಚಿಕ್ಕ ಮಾತು, ಆದರೂ ಕೈಯೊಳಗೆ ಬಂದಾಗ ಮೈ ಜುಮ್ಮೆಂದಿತು. ಮುಂದೊಂದು ಕಾಲದಲ್ಲಿ ಎಲ್ಲ ಫೋನುಗಳೂ ಹೀಗೇ ಆಗಬಹುದು, ಹಿಡಿದ ಬಿಗಿಯಲ್ಲೇ ಇದು ಕೋಪ, ಇದು ತಮಾಷೆ, ಇದು ಸುಸ್ತು ಎಂದು ತಿಳಿದುಕೊಳ್ಳಬಹುದು ಎಂದು ಯೋಚಿಸುತ್ತಾ ಪಾತ್ರೆ ತೊಳೆಯುವುದನ್ನೇ ಮರೆತು ನಿಲ್ಲುತ್ತೇನೆ.

ಶಿವರಾತ್ರಿಗೆ ಇನ್ನು ಎಂಟು ದಿನವಿದೆ. ಅಷ್ಟರಲ್ಲಿ ಬಂದು ಒಂದು ಸಲ ಆ ಗಾಜಿನ ಮೇಲೆ ಕೈಯಿಟ್ಟು ನೋಡಿ. ಸರಿಹೋಗದಿದ್ದರೆ ನಾನೇ ನಿಮ್ಮನ್ನು ಮತ್ತೆ ಜಗಳೂರು ಬಸ್ಸು ಹತ್ತಿಸುತ್ತೇನೆ. ಭೀಮಕ್ಕನಿಗೆ ನನ್ನ ನಮಸ್ಕಾರ, ಅವರ ಮೊಣಕಾಲು ನೋವಿಗೆ ರಮ್ಯ ಎಣ್ಣೆ ಕಳಿಸುತ್ತಾಳಂತೆ. ಬಿಸಿಲಲ್ಲಿ ತಿರುಗಬೇಡಿ. ಆ ಶಿವ ನಿಮ್ಮ ಉಸಿರನ್ನು ಸಲೀಸಾಗಿ ಇಟ್ಟಿರಲಿ.

ದಿನಾ ನಿಮ್ಮ ಲೋಟವನ್ನೂ ತೊಳೆದಿಡುವ,
ಶಿವಗಂಗಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಪೋಸ್ಟಿನವರು ಬಾಗಿಲಲ್ಲಿ ನಿಂತಿದ್ದಾರೆ, ಅಕ್ಷರ ಸೊಟ್ಟಗಾದರೆ ಬೇಸರ ಮಾಡಿಕೊಳ್ಳಬೇಡಿ. ಫೋನಿನ ತಪ್ಪು ಎಂದು ಮೇಲೆ ಬರೆದದ್ದು ಸರಿಯಲ್ಲ. ಸಂಕ್ರಾಂತಿಯ ದಿನ ‘ಹುಟ್ಟುಹಬ್ಬದ ಶುಭಾಶಯಗಳು ನಾಳೆ ಹುಣಸೆ’ ಎಂದು ಬಂದದ್ದನ್ನು ಅಷ್ಟೂ ಜನರ ಮುಂದೆ ಗಟ್ಟಿಯಾಗಿ ಓದಿದವಳು ನಾನು. ಮೊದಲು ನಕ್ಕವಳೂ ನಾನೇ, ಉಳಿದವರು ನನ್ನನ್ನು ನೋಡಿ ನಕ್ಕರು. ನೀವು ತಲೆಯೆತ್ತಿ ನನ್ನನ್ನು ನೋಡಿದ್ದು ಗೊತ್ತು, ಗೊತ್ತಿದ್ದೂ ಇನ್ನೊಂದು ಸಲ ಓದಿದೆ. ಐದು ವಾರದಿಂದ ಇದನ್ನು ರಮ್ಯನಿಗೂ ಒಪ್ಪಿಕೊಂಡಿಲ್ಲ. ನೀವು ಬರುವುದು ಬೇಡ, ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಗಾಜು ತರುವುದಿಲ್ಲ, ಬರಿಗೈಯಲ್ಲಿ ಬರುತ್ತೇನೆ. ಭೀಮಕ್ಕನ ಜಗಲಿಯಲ್ಲಿ ಪಕ್ಕದಲ್ಲಿ ಕೂರುತ್ತೇನೆ. ಅವತ್ತು ನನಗೆ ಏನು ಹೇಳಬೇಕೆಂದಿದ್ದಿರೋ ಅದನ್ನು ನನ್ನ ಬೆರಳಿಗೆ ಹೇಳಿ. ಬೈಗುಳವಾದರೆ ಬೈಗುಳವನ್ನೇ ಹೇಳಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳುತ್ತೇನೆ, ನಗುವುದಿಲ್ಲ.