ಡಬ್ಬಿಯ ಮೇಲಿಟ್ಟ ಚೀಟಿ

ಮಲೆಬೆನ್ನೂರು ದಾಟಿ, ಹಳ್ಳದ ಈಚೆ ದಡದಿಂದ
ಪುಷ್ಯ ಮಾಸ, 1962

ಚಿರಂಜೀವಿ ತಮ್ಮ ಕೊಟ್ಟೂರಪ್ಪನಿಗೆ,

ಮಾನ್ಯ ಶಾಸಕರಿಗೆ ಎಂದು ಬರೆದಿದ್ದರೆ ಈ ಕಾಗದವನ್ನು ನಿನ್ನವರು ಒಡೆದು ಓದಿ ಅರ್ಜಿಗಳ ಗಂಟಿಗೆ ಸೇರಿಸುತ್ತಿದ್ದರು. ಅದಕ್ಕೇ ಲಕೋಟೆಯ ಮೇಲೆ 'ಅಕ್ಕನಿಂದ, ಖಾಸಗಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಒಬ್ಬನೇ ಕೂತು ಓದು. ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ. ಸದ್ಯಕ್ಕೆ ಕ್ಷೇಮವೇ, ಮುಂದಿನದು ಗೊತ್ತಿಲ್ಲ.

ಮೊನ್ನೆ ನಿನ್ನ ಬಲಗೈ ಬಕ್ಕೇಶಪ್ಪ ಬಂದಿದ್ದ. ಜೀಪನ್ನು ಹಳ್ಳದ ಆ ಕಡೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಸೊಂಟದವರೆಗೆ ತೊಯ್ದು ಬಂದ. ನೋಡಿ ನನಗೆ ಪಾಪ ಅನಿಸಲಿಲ್ಲ. ನೀನು ಕಳಿಸಿದ್ದೆಂದು ಒಂದು ಇಳಕಲ್ ಸೀರೆ ಕೊಟ್ಟ, ಸೋಮವಾರ ಮಲೆಬೆನ್ನೂರಿನ ಸಭೆಯಲ್ಲಿ ನಿನಗೆ ಆರತಿ ಎತ್ತಬೇಕೆಂದ. ಗೆದ್ದ ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ನೀನೇ ಬಂದಿದ್ದೆ. ಆಮೇಲೆ ಒಂದು ಎಳ್ಳುಂಡೆಯೂ ಇತ್ತ ಕಡೆ ಬರಲಿಲ್ಲ. ಈಗ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಸೀರೆ ಬಂದಿದೆ. ಆ ಸೀರೆಯಲ್ಲಿ ನನಗೆ ತಮ್ಮ ಕಾಣಲಿಲ್ಲ, ಇಲೆಕ್ಷನ್ ಕಂಡಿತು. ಮಡಿಕೆ ಬಿಚ್ಚದೆ ಗೂಟಕ್ಕೆ ಹಾಕಿದ್ದೇನೆ.

ಸೀರೆಯ ಜೊತೆ ನಿನ್ನ ಫೋಟೋ ಇರುವ ಅಚ್ಚಿನ ಹಾಳೆಯೂ ಬಂತು. ಒಂದು ಮಗ್ಗುಲಿಗೆ ಐದು ವರ್ಷದ ಸೇವೆ, ಇನ್ನೊಂದು ಮಗ್ಗುಲಿಗೆ ಮುಂದಿನ ಐದು ವರ್ಷದ ಗುರಿ. ಶಾಲೆ ಕಟ್ಟಿಸಿದ್ದೀಯ, ಬಾವಿ ತೋಡಿಸಿದ್ದೀಯ, ಭಾನುವಳ್ಳಿ ಕಡೆಗೆ ರಸ್ತೆ ಮಾಡಿಸಿದ್ದೀಯ, ದಾವಣಗೆರೆಯಲ್ಲಿ ಹಳ್ಳಿ ಹುಡುಗರಿಗೆ ಹಾಸ್ಟೆಲ್ ಮಾಡಿಸಿದ್ದೀಯ. ಸುಳ್ಳು ಅನ್ನುವುದಿಲ್ಲ, ಸಂತೋಷವೇ. ಆದರೆ ನಮ್ಮೂರ ಹೆಸರನ್ನು ಮೇಲಿನಿಂದ ಕೆಳಕ್ಕೆ ಹುಡುಕಿದೆ, ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದೆ. ಮಾಡಿದ್ದರಲ್ಲೂ ಇಲ್ಲ, ಮಾಡುವುದರಲ್ಲೂ ಇಲ್ಲ.

ನಾಲೆ ತಂದೆನೆಂದು ಎಲ್ಲಕ್ಕಿಂತ ಮೇಲೆ ಬರೆಸಿಕೊಂಡಿದ್ದೀಯಲ್ಲ, ಆ ನಾಲೆ ಬರುವ ಮೊದಲು ನಮ್ಮ ಹಳ್ಳ ದೀಪಾವಳಿ ಕಳೆದ ಮೇಲೆ ಒಣಗುತ್ತಿತ್ತು. ಗಾಡಿ, ದನ, ಬಸುರಿ, ಬಾಣಂತಿ ಎಲ್ಲ ಮರಳಿನ ಮೇಲೆ ದಾಟುತ್ತಿದ್ದರು. ಈಗ ಮೇಲಿನವರ ಗದ್ದೆಗಳ ಬಸಿನೀರೆಲ್ಲ ಹಳ್ಳಕ್ಕೇ ಇಳಿದು ವರ್ಷವಿಡೀ ಹರಿಯುತ್ತದೆ. ಹೋದ ವರ್ಷ ನಮ್ಮೂರ ಕೊಟ್ರವ್ವನ ಸೊಸೆಗೆ ಹೆರಿಗೆ ಕಷ್ಟವಾದಾಗ ಸೀರೆಯಿಂದ ಮಂಚಕ್ಕೆ ಬಿಗಿದು ನಾಲ್ಕು ಜನ ಹೊತ್ತುಕೊಂಡು ಹೋದರು. ನಡುನೀರಿನಲ್ಲಿ ಅವಳ ಕೂಗು ನಿಂತಿತು. ಆ ಮಂಚ ಆ ಕಡೆಯ ದಡ ಮುಟ್ಟಿದ್ದನ್ನು ನಾನು ಈ ಕಡೆ ನಿಂತು ನೋಡಿದೆ. ಈಗ ನನ್ನ ಮಗಳು ಶಕುಂತಲೆ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಮಾಘದಲ್ಲಿ ದಿನ ತುಂಬುತ್ತದೆ. ಅವಳು ನೀನು ಎತ್ತಿ ಆಡಿಸಿದ ಮಗು.

ಸೇತುವೆ ಕೇಳಿದಾಗಲೆಲ್ಲ ನೀನು ಒಂದೇ ಮಾತು ಹೇಳಿದ್ದೆ: "ಅಕ್ಕನ ಊರಿಗೆ ಮೊದ್ಲು ಮಾಡಿದ್ರೆ ಜನ ಆಡ್ಕೊಂತಾರೆ, ಸ್ವಲ್ಪ ತಡಕೋ." ಎಂಥ ನ್ಯಾಯವಂತ ತಮ್ಮ ಎಂದು ನಾನು ಊರವರ ಮುಂದೆ ನಿನ್ನ ಪರ ವಕೀಲಿ ಮಾಡಿದೆ. ಮೊನ್ನೆ ಬಕ್ಕೇಶಪ್ಪನ ಮುಂದೆಯೂ ಅದನ್ನೇ ಹೇಳಿದೆ. ಅವನು ಚಹಾ ಲೋಟ ಕೆಳಗಿಟ್ಟು ನಕ್ಕ. "ಅದಲ್ರೀ ಅಕ್ಕಾರ. ಹೋದ ಸಲ ನಿಮ್ಮೂರ ಡಬ್ಬಿ ತೆಗೆದ್ರೆ ಅರ್ಧಕ್ಕರ್ಧ ಓಟು ಇಲ್ಲ. ಓಟು ಕೊಡದ ಊರಿಗೆ ಸೇತುವೆ ಹೆಂಗೆ ಕೇಳ್ತೀರಿ?" ಎಂದ.

ನನ್ನ ಮೈ ಉರಿದುಹೋಯಿತು, ಮೊದಲು ನಮ್ಮೂರವರ ಮೇಲೆಯೇ. ಆ ಇಲೆಕ್ಷನ್ ಹೊತ್ತಿಗೆ ನಾನು ಅವ್ವನ ಕಾಯಿಲೆಗೆಂದು ಹರಿಹರದಲ್ಲಿದ್ದೆ. ನಾನಿಲ್ಲದಾಗ ಹೆಂಗಸರು ಕೈಕೊಟ್ಟರೇ? ಸಂಜೆಯೇ ನೆರೆಮನೆಯ ರಂಗವ್ವನನ್ನು ಕರೆದು ಕೇಳಿದೆ. ಹೋದ ಸಲ ಒಬ್ಬೊಬ್ಬ ಹುರಿಯಾಳಿಗೆ ಒಂದೊಂದು ಡಬ್ಬಿ, ಅದರ ಮೇಲೆ ಅವನ ಗುರುತು. ಪರದೆಯ ಹಿಂದೆ ಹೋಗಿ ಬೇಕಾದ ಡಬ್ಬಿಯೊಳಗೆ ಚೀಟಿ ಹಾಕಬೇಕು. ನಿನ್ನ ಗುರುತು ತಕ್ಕಡಿ. ರಂಗವ್ವ ಎದೆ ಮುಟ್ಟಿಕೊಂಡು ಹೇಳಿದಳು: "ತಕ್ಕಡಿ ಡಬ್ಬಿಗೇ ಕೊಟ್ಟೀವ್ರಿ ಯವ್ವಾ. ಕುಂಕುಮ ಹಚ್ಚಿ, ಹೂವಿಟ್ಟು, ಚೀಟಿನ ಮ್ಯಾಲಿಟ್ಟು ಕೈಮುಗಿದು ಬಂದ್ವಿ." ಮೇಲಿಟ್ಟಿರಾ, ಒಳಗೆ ಹಾಕಲಿಲ್ಲವೇನೇ ಎಂದೆ. "ಕಾಣಿಕೆನ ದೇವ್ರ ಮುಂದೆ ಇಡ್ತಾರೆ. ಬಾಯಾಗ ತುರುಕ್ತಾರೇನ್ರಿ?" ಎಂದಳು.

ಕಣದ ರಾಶಿಗೆ ಪೂಜೆ ಮಾಡುವಾಗ ತಕ್ಕಡಿಗೂ ಹೂವಿಡುವ ಕೈಗಳು ಅವು. ಹೇಗೆ ಒಳಗೆ ತಳ್ಳಾವು? ಮೊದಲು ನಕ್ಕೆ. ಆಮೇಲೆ ಕೊಟ್ರವ್ವನ ಸೊಸೆ ನೆನಪಾಗಿ ನಗು ಅಲ್ಲೇ ಸತ್ತಿತು. ಅವತ್ತು ಓಟು ಮುಗಿದ ಮೇಲೆ ಆ ಕುಂಕುಮದ ಚೀಟಿಗಳನ್ನೆಲ್ಲ ಇಲೆಕ್ಷನ್ ಸಾಹೇಬರು ಬಾಚಿ, ಡಬ್ಬಿಯ ಹೊರಗಿನದು ಲೆಕ್ಕಕ್ಕಿಲ್ಲ ಎಂದರಂತೆ. ಆಗ ನಿನ್ನ ಏಜೆಂಟ್ ಆಗಿ ಅಲ್ಲಿ ಕೂತಿದ್ದವನು ಬಕ್ಕೇಶಪ್ಪ. ಹೆಂಗಸರಿಗೆ ಮೊದಲೇ ಹೇಳಿಕೊಡಬೇಕಾಗಿದ್ದವನೂ ಅವನೇ. ತನ್ನ ತಪ್ಪು ಬಯಲಾಗಬಾರದೆಂದು ಊರೇ ಕೈಕೊಟ್ಟಿತು ಎಂದು ನಿನ್ನ ಕಿವಿ ಊದಿದ್ದಾನೆ, ಪಾಪ, ತಮ್ಮನಿಗೇನು ಗೊತ್ತು ಎಂದುಕೊಂಡೆ. ಅದನ್ನು ತಿಳಿಸಲೆಂದೇ ಈ ಕಾಗದ ಬರೆಯಲು ಕೂತೆ.

ಆದರೆ ಪಂಚಮಿಯ ಮಾತು ಬರೆದಾಗಿನಿಂದ ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ. ಆ ಸಲ ತವರಿನ ಪಡಸಾಲೆಯಲ್ಲಿ ಉಂಡೆ ಮುರಿಯುತ್ತ ನೀನು ಏನೆಂದೆ, ನೆನಪಿದೆಯೇ? "ಅಕ್ಕಾ, ನಿಮ್ಮೂರ ಹೆಣ್ಮಕ್ಳು ನನ್ನ ಡಬ್ಬಿಗೆ ಪೂಜೆ ಮಾಡಿದ್ರಂತಲ್ಲ!" ಎಂದು ಬಿದ್ದುಬಿದ್ದು ನಕ್ಕಿದ್ದೆ. ಏನೋ ಕೀಟಲೆ ಎಂದು ನಾನೂ ನಕ್ಕಿದ್ದೆ. ನಿನಗೆ ಗೊತ್ತಿತ್ತು ಕೊಟ್ಟೂರಪ್ಪ. ಅವರು ನಿನಗೇ ಕೊಟ್ಟದ್ದು ಎಂದು ಗೊತ್ತಿದ್ದೂ ನೀನು ನಮ್ಮದನ್ನು ಓಟು ಕೊಡದ ಊರು ಅಂದೆ. ನನ್ನ ಮುಂದೆ ನ್ಯಾಯದ ನೆಪ, ನಿನ್ನವರ ಮುಂದೆ ಡಬ್ಬಿಯ ನೆಪ. ಸೇತುವೆ ಮಾತ್ರ ನಿನ್ನ ಬೀಗರ ಊರಿಗೆ ಹೋಯಿತು. ಅದನ್ನು ಹಾಳೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿಸಿದ್ದೀಯ, ಓದಿದೆ. ಕುಡಿಯುವ ನೀರನ್ನೂ ಅನುಮಾನಿಸುವವಳು ಎಂದು ನೀನು ನನ್ನನ್ನು ಅಣಕಿಸುತ್ತಿದ್ದೆ. ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿ ನಿನ್ನೊಬ್ಬನನ್ನು ಬಿಟ್ಟಿದ್ದೆನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಈ ಸಲ ಒಂದೇ ಡಬ್ಬಿ, ಚೀಟಿಯ ಮೇಲೆ ಮುದ್ರೆ ಒತ್ತಿ ಮಡಿಸಿ ಒಳಗೆ ಹಾಕಬೇಕಂತೆ. ನಾನೇ ಅಂಗಳದಲ್ಲಿ ರಾಗಿ ಡಬ್ಬಿ ಇಟ್ಟು ಎಲ್ಲರಿಗೂ ಕಲಿಸಿದ್ದೇನೆ. ಒಬ್ಬಳೂ ತಪ್ಪುವುದಿಲ್ಲ. ಯಾರಿಗೆ ಹಾಕ್ತೀಯೇ ಎಂದು ರಂಗವ್ವನನ್ನು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡು, "ಶಾಸಕರ ಅಕ್ಕಾರಿಗೆ ಹೆಂಗೆ ಹೇಳ್ಲಿ ಬಿಡ್ರಿ" ಅಂದಳು. ಇಪ್ಪತ್ತು ವರ್ಷ ಒಂದೇ ಬಾವಿಯಲ್ಲಿ ನೀರು ಸೇದಿದವಳು. ನಿನ್ನಿಂದ ನಾನೂ ಅವರ ಅನುಮಾನಕ್ಕೆ ಬಿದ್ದೆ.

ಸೋಮವಾರ ಆರತಿಗೆ ಬರುವುದಿಲ್ಲ. ಅದಕ್ಕೆ ಮೊದಲು ನೀನು ಇಲ್ಲಿಗೆ ಬಾ. ಬಕ್ಕೇಶಪ್ಪ ಬೇಡ, ಹಾರ ಬೇಡ. ಜೀಪು ಆ ಕಡೆ ನಿಲ್ಲುತ್ತದೆ, ಪಂಚೆ ಎತ್ತಿ ಕಟ್ಟಿ ದಾಟು. ಕೊಟ್ರವ್ವನ ಕಟ್ಟೆಯ ಮೇಲೆ ಕೂತು, ಗೊತ್ತಿತ್ತು ಎಂದು ನಿನ್ನ ಬಾಯಿಂದಲೇ ಹೇಳು. ಆಮೇಲೆ ಸೇತುವೆಯ ಮಾತು ಆಡು, ಅವರು ನಂಬಿದರೆ ನಂಬಲಿ.

ಶಿವ ನಿನಗೆ ಆಯುಷ್ಯ ಆರೋಗ್ಯ ಕೊಡಲಿ. ಗೆಲುವನ್ನು ಬೇಡಿಕೊಳ್ಳುವುದನ್ನು ಸದ್ಯ ತಡೆದಿಟ್ಟಿದ್ದೇನೆ. ಸೀರೆ ಗೂಟದ ಮೇಲೇ ಇದೆ. ನೀನು ಬಂದರೆ ಉಟ್ಟುಕೊಂಡು ಎದುರುಗೊಳ್ಳುತ್ತೇನೆ. ಬಾರದಿದ್ದರೂ ದಂಡವಾಗುವುದಿಲ್ಲ, ಗಟ್ಟಿ ನೂಲಿನದು. ಶಕುಂತಲೆಯನ್ನು ಮಂಚಕ್ಕೆ ಬಿಗಿಯಲು ಬೇಕಾದೀತು.

ಇಂತಿ, ಹಳ್ಳದ ಕಡೆ ಕಣ್ಣಿಟ್ಟಿರುವ ನಿನ್ನ ಅಕ್ಕ,
ದ್ರಾಕ್ಷಾಯಣಮ್ಮ