ಕಾಫಿ ಬಿಟ್ಟವರ ಕಾಫಿ ಜೆಲ್ಲಿ

ಅಲ್ ಹಿಲಾಲ್, ದೋಹಾ
24 ಮಾರ್ಚ್ 2006, ಶುಕ್ರವಾರ

ಪ್ರೀತಿಯ ಝೇವಿಯರ್,

ಯೊಕೊಹಾಮಾದಲ್ಲಿ ಆರೋಗ್ಯವಾಗಿದ್ದೀರಾ? ಇರಲೇಬೇಕು. ದಿನಕ್ಕೆ ಎರಡು ಕಪ್ ಕಾಫಿ ಜೆಲ್ಲಿ ತಿನ್ನುವವರಿಗೆ ಎಂತ ಆಗುತ್ತದೆ ಮಾರಾಯ್ರೆ? ನನ್ನದು ಕೇಳಿದರೆ, ಕಾಲು ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ, ಬೆಳಿಗ್ಗೆ ಎದ್ದರೆ ಕಾಫಿ ಇಲ್ಲದ ತಲೆನೋವು. ಮಗು ಚೆನ್ನಾಗಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಫೋನಿನಲ್ಲಿ ಇದೆಲ್ಲ ಹೇಳಹೊರಟರೆ ನೀವು ನಗುತ್ತೀರಿ, ನನಗೆ ಅಳು ಬರುತ್ತದೆ, ಅಷ್ಟರಲ್ಲಿ ಕಾರ್ಡು ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಜೊತೆ ಟ್ರೈನಿಂಗಿನಲ್ಲಿರುವ ರಸೆಲ್ ವೀಸಾ ಕೆಲಸಕ್ಕೆಂದು ನಾಲ್ಕು ದಿನ ಬಂದವನು ನಿಮ್ಮ ಪೊಟ್ಟಣ, ಪತ್ರ ಎರಡನ್ನೂ ಕೊಟ್ಟು ಹೋದ. ನಾಲ್ಕು ಪುಟದ ಪತ್ರ, ಅದರಲ್ಲಿ ಮೂರು ಪುಟ ಹಾಸ್ಟೆಲಿನ ಮೂಲೆಯ ಅಂಗಡಿಯದ್ದೇ ವರ್ಣನೆ. ಹಗಲೂ ರಾತ್ರಿ ತೆರೆದಿರುವ ಅಂಗಡಿಯಂತೆ, ಕಪ್ಪಗೆ ನಡುಗುವ ಜೆಲ್ಲಿಯಂತೆ, ಮೇಲೆ ಸುರಿಯಲು ಪುಟ್ಟ ಡಬ್ಬಿಯಲ್ಲಿ ಕ್ರೀಮಂತೆ. ಕಾಫಿ ಪುಡ್ಡಿಂಗ್, ಕಾಫಿ ಕ್ರೀಮ್ ತುಂಬಿದ ಬನ್ನು, ಕಾಫಿ ಮಿಠಾಯಿ, ಯಾವುದು ಹೆಚ್ಚು ರುಚಿಯೆಂದು ನಂಬರ್ ಬೇರೆ ಹಾಕಿದ್ದೀರಿ. ನನ್ನ ಬಗ್ಗೆ ಒಂದೂವರೆ ಸಾಲು. ಅದೂ ಐರನ್ ಮಾತ್ರೆ ತಪ್ಪಿಸಬೇಡ ಎಂದು.

ನನ್ನ ಪಿತ್ತ ನೆತ್ತಿಗೇರಿಸಿದ್ದು ಆಮೇಲಿನ ಮಾತು. ವ್ರತ ಮುರಿದಿಲ್ಲ ಪರ್ಪೆಚುವಾ, ನಾನು ಕಾಫಿ ಕುಡಿಯುತ್ತಿಲ್ಲ, ತಿನ್ನುತ್ತಿದ್ದೇನೆ ಅಷ್ಟೇ ಎಂದು ಬರೆದಿದ್ದೀರಲ್ಲ, ಯಾರ ಕಣ್ಣಿಗೆ ಮಣ್ಣೆರಚುವುದು ಇದು? ಕಳೆದ ವರ್ಷ ಹೊಟ್ಟೆಯಲ್ಲಿ ಏಳು ತಿಂಗಳಾದಾಗ ನಮ್ಮ ಮಗು ಹೋಯಿತು. ಈ ಮಗುವನ್ನಾದರೂ ಕೈಗೆ ಕೊಡು, ಬೂದಿ ಬುಧವಾರದಿಂದ ಈಸ್ಟರ್ ತನಕದ ತಪಸ್ಸು ಕಾಲದಲ್ಲಿ ಇಬ್ಬರೂ ಕಾಫಿ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಮೊದಲು ಬಾಯಿ ಬಿಟ್ಟವರು ನೀವು. ಶುಕ್ರವಾರದ ಪೂಜೆ ಮುಗಿದ ಮೇಲೆ ಎಲ್ಲರೂ ಕಾಫಿ ಹಿಡಿದು ಹರಟುತ್ತಾರೆ, ನಾನು ಬಿಸಿನೀರು ಕುಡಿದು ಬರುತ್ತೇನೆ. ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟೆ ಎಂದು ದಿನಾ ಅಂಜಲ್ ಮೀನಿನ ಫ್ರೈ ತಿನ್ನುವ ಕಜೆತಾನ್ ಮಾಮನನ್ನು ಗೇಲಿ ಮಾಡುತ್ತಿದ್ದವರೂ ನೀವೇ.

ನೀವು ಕಳಿಸಿದ ಜೆಲ್ಲಿಯ ಪೊಟ್ಟಣವನ್ನು ಪಕ್ಕದ ಫ್ಲಾಟಿನ ಐವಿಗೆ ಕೊಟ್ಟುಬಿಟ್ಟೆ. ಅವಳು ಬಾಗಿಲಲ್ಲೇ ನಿಂತು ಒಂದು ಕಪ್ ಬಿಚ್ಚಿದಳು. ಸುಳ್ಳು ಯಾಕೆ ಹೇಳಲಿ, ಆ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರಿತು. ಅದಕ್ಕೂ ನಿಮ್ಮ ಮೇಲೆಯೇ ಸಿಟ್ಟು ಬಂತು.

ಏಪ್ರಿಲ್ ಇಪ್ಪತ್ತಕ್ಕೆ ನನಗೆ ಹೆರಿಗೆಯ ಆಪರೇಷನ್ ಎಂದು ನಿಮಗೆ ಗೊತ್ತುಂಟು. ಕಂಪನಿಯವರು ಟ್ರೈನಿಂಗನ್ನು ಮೇ ತನಕ ಎಳೆದಿದ್ದಾರೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದಿದ್ದೀರಿ. ಆಯ್ತು, ಅವರಿಗೆ ಹಾಕುವಷ್ಟು ಶಾಪ ಹಾಕಿದ್ದೇನೆ.

ಅಲ್ಲಿ ಚಳಿ ಇನ್ನೂ ಇದೆಯಂತೆ, ಸ್ವೆಟರ್ ಇಲ್ಲದೆ ಆ ಅಂಗಡಿಗೆ ಹೋಗಬೇಡಿ. ನನ್ನ ಕೈಗೆ ಸಿಗುವ ತನಕ ದೇವರು ನಿಮ್ಮನ್ನು ಕಾಪಾಡಲಿ.

ಇಂತಿ ನಿಮ್ಮ,
ಪರ್ಪೆಚುವಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಪತ್ರ ಒಯ್ಯಲು ರಸೆಲ್ ಬಂದ. ಕಂಪನಿಯವರು ಹೀಗೆ ಮಾಡಬಾರದಿತ್ತು ಎಂದೆ. ಅವನು ಪೆಚ್ಚಾದ. ಒತ್ತಾಯ ಇರಲಿಲ್ಲ, ಬೇಕಾದವರು ಉಳಿಯಿರಿ ಎಂದಿದ್ದರು, ಉಳಿಯುತ್ತೇನೆಂದು ಝೇವಿಯರೇ ಕೈ ಎತ್ತಿದ್ದು ಎಂದ. ಕಾಫಿಯ ತಪ್ಪಿಗೆ ಪಾದ್ರಿಗಳ ಹತ್ತಿರ ಕ್ಷಮೆ ಸಿಕ್ಕೀತು. ಇದನ್ನು ಮಾತ್ರ ನೀವು ನನ್ನೆದುರು ನಿಂತು ಹೇಳಬೇಕು, ಇಪ್ಪತ್ತರ ಬೆಳಿಗ್ಗೆ ಏಳಕ್ಕೆ ನನ್ನನ್ನು ಒಳಗೆ ಕರೆದೊಯ್ಯುವ ಮೊದಲು. ಕಳೆದ ಸಲದಂತೆ ಆದೀತೆಂದು ನಿಮಗೆ ಹೆದರಿಕೆ, ಗೊತ್ತು. ನನಗೂ ಹೆದರಿಕೆಯೇ ಝೇವಿಯರ್. ಈ ಹೊಟ್ಟೆಯನ್ನು ಇಲ್ಲಿ ಬಿಟ್ಟು ನಾನು ಯಾವ ಊರಿಗೆ ಟ್ರೈನಿಂಗಿಗೆ ಹೋಗಲಿ?