ಗಾರ್ಡೇನಿಯಾ ಕುಂಡದ ಬೂದಿ

ಅಪ್ಪಾ,

ನಾನು ಚೋಮಾ ಊರಿನ ಬಸ್ಸಿಗೆ ಹೊರಟೆ. ನ್ಶಿಮಾ ಮುದ್ದೆ ಮುಚ್ಚಿಟ್ಟಿದ್ದೀನಿ, ತಣ್ಣಗಾಗೋ ಮೊದಲು ತಿನ್ನು.

ಅಮ್ಮನ ಗಾರ್ಡೇನಿಯಾ ಹೂಗಿಡದ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಮಣ್ಣಲ್ಲಿ ಕ್ಷಾರ ಏರಿದೆ ಅಂದ್ರು ನರ್ಸರಿಯವರು. ನಮ್ಮ ಲುಸಾಕಾದ ಬೋರ್ ನೀರು ಬರೀ ಸುಣ್ಣ, ಕೆಟಲಿನ ತಳ ನೋಡಿದ್ದೀಯಲ್ಲ. ಅದನ್ನ ಹಾಕಬೇಡ, ಡ್ರಮ್ಮಿನ ಮಳೆನೀರು ಹಾಕು. ಕ್ಷಾರ ಇಳಿಸೋಕೆ ಗಂಧಕದ ಪುಡಿ ಕಿಟಕಿ ಹತ್ತಿರ ಇದೆ. ಒಂದೇ ಚಮಚ ಮೇಲ್ಮಣ್ಣಿಗೆ ಬೆರೆಸು, ಅವಸರಪಟ್ಟು ಇನ್ನಷ್ಟು ಸುರೀಬೇಡ.

ಇನ್ನು ಬೂದಿ ವಿಷಯ. ಅಮ್ಮ ದಿನಾ ಬೆಳಿಗ್ಗೆ ಇದ್ದಿಲ ಒಲೆಯ ಬೂದಿ ಬಳಿದು ಸೊಪ್ಪಿನ ಮಡಿಗೆ ಹಾಕಿ, ಈ ಕುಂಡಕ್ಕೂ ಒಂದು ಹಿಡಿ ಹಾಕ್ತಿದ್ದಳು. ಬೂದಿನೂ ಕ್ಷಾರವೇ, ಸೊಪ್ಪಿಗೆ ಒಳ್ಳೇದು, ಇದಕ್ಕೆ ವಿಷ. ಅವಳನ್ನ ಮಣ್ಣು ಮಾಡಿ ಬಂದ ಮೇಲೂ ಕುಂಡದಲ್ಲಿ ಬೂದಿ ಕಂಡಾಗ ನಿನ್ನ ಮೇಲೆ ರೇಗಿದೆ. "ನಾನಲ್ಲ ಮಗಳೇ" ಅಂದೆ ನೀನು, ನಾನು ನಂಬಲಿಲ್ಲ. ಅಡುಗೆಯೆಲ್ಲ ಗ್ಯಾಸಿನ ಮೇಲೇ ಅಂತ ಮಾಡಿ, ಒಲೆಯನ್ನ ಉಗ್ರಾಣಕ್ಕೆ ಹಾಕಿ ಬೀಗ ಜಡಿದೆ. ಬೀಗದ ಕೈ ನನ್ನ ಹತ್ತಿರಾನೇ ಇದೆ.

ಇವತ್ತು ಬೆಳಿಗ್ಗೆ ಕುಂಡದಲ್ಲಿ ಮತ್ತೆ ಒಂದು ಹಿಡಿ ಬೂದಿ. ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು.

ನೀನೇ ಹೇಳಪ್ಪಾ ಅವಳಿಗೆ, ಗಿಡ ಸಾಯ್ತಿದೆ, ಸಾಕು ಅಂತ. ನನ್ನ ಮಾತು ಅವಳು ಯಾವತ್ತು ಕೇಳಿದ್ದಾಳೆ?

ಚೋಲ್ವೆ